ಮೂರು ಸೆಂಟಿಮೀಟರ್ ಮಾಂತ್ರಿಕನಿಗೆ ಬಣ್ಣ: ಮುಂಬಯಿ, ಪುಣೆ, ಗೋವಾದ ಹವೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

ಡಬ್ಬಿಯಿಂದ ತೆಗೆದಾಗ ಚೆನ್ನಾಗಿದ್ದ ಮಿನಿಯೇಚರ್ ಗೊಂಬೆ, ಅಂದರೆ ಬೋರ್ಡ್ ಗೇಮಿನಂಥ ಆಟಗಳ ಪುಟ್ಟ ಗೊಂಬೆ, ಬಣ್ಣ ಹಚ್ಚಿದಂತೆಲ್ಲ ಕೆಡುತ್ತಾ ಹೋಗುತ್ತದೆ. ಮೂಗು, ತುಟಿ ಬಣ್ಣದಡಿ ಹೂತುಹೋಗುತ್ತವೆ. ನಿಲುವಂಗಿಯ ಮೇಲೆ ಬ್ರಶ್ಶಿನ ಗೀರುಗಳು ಉಳಿಯುತ್ತವೆ. ವಾಶ್, ಅಂದರೆ ತಗ್ಗುಗಳಿಗೆ ಇಳಿದು ನೆರಳು ತೋರಿಸುವ ನೀರಾದ ಬಣ್ಣ, ಒಣಗಿದ ಕಡೆ ಅಂಚುಗಟ್ಟಿದ ಕಲೆ ಮೂಡುತ್ತದೆ. ಬಹುತೇಕರು ಇದಕ್ಕೆ ಕೈನಡುಕವನ್ನೋ ಅಗ್ಗದ ಬಣ್ಣವನ್ನೋ ದೂರಿ, ಇನ್ನೂ ಸಣ್ಣ ಬ್ರಶ್ ಕೊಂಡು ತರುತ್ತಾರೆ. ಅದರಿಂದ ಸಮಸ್ಯೆ ಹೆಚ್ಚುತ್ತದೆ.

ತಪ್ಪು ಸಾಮಾನ್ಯವಾಗಿ ನೀರಿನ ಲೆಕ್ಕದಲ್ಲಿರುತ್ತದೆ. ಬಣ್ಣದಲ್ಲಿ ಎಷ್ಟು ನೀರು, ಬ್ರಶ್ಶಿನಲ್ಲಿ ಎಷ್ಟು ನೀರು, ಕೋಣೆಯ ಗಾಳಿಯಲ್ಲಿ ಎಷ್ಟು ನೀರು? ಮೂರನೆಯದನ್ನು ಹೊರದೇಶದ ವಿಡಿಯೊಗಳು ಹೇಳುವುದೇ ಇಲ್ಲ. ಅಲ್ಲಿ ಹತ್ತು ನಿಮಿಷಕ್ಕೆ ಒಣಗುವ ವಾಶ್ ಜುಲೈನಲ್ಲಿ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಅರ್ಧ ಗಂಟೆಯಾದರೂ ಹಸಿಯಾಗಿರುತ್ತದೆ. ಅದೇ ಬಣ್ಣ ಏಪ್ರಿಲ್ ಮಧ್ಯಾಹ್ನ ಪುಣೆಯ ಕೋಥ್ರೂಡ್‌ನಲ್ಲಿ ಬ್ರಶ್ಶಿನ ತುದಿಯಲ್ಲೇ ಗಟ್ಟಿಯಾಗುತ್ತದೆ. ವಾಸ್ಕೋದಲ್ಲಿ ಕಡಲ ತೇವದ ಕಾಟ ಮಳೆಗಾಲ ಮುಗಿದ ಮೇಲೂ ಇರುತ್ತದೆ. ಹಾಗಾಗಿ ಇಲ್ಲಿನ ಸಮಯದ ಅಂಕಿಗಳನ್ನು ಕಣ್ಣುಮುಚ್ಚಿ ನಂಬಬೇಡಿ, ಜೊತೆಗೆ ಹೇಳಿರುವ ಲಕ್ಷಣಗಳನ್ನು ನೋಡಿ.

ಉದಾಹರಣೆಗೆ 32 ಮಿ.ಮೀ. ಅಳತೆಯ ಒಬ್ಬ ಮಾಂತ್ರಿಕನನ್ನು ಇಟ್ಟುಕೊಳ್ಳೋಣ: ಉದ್ದ ನಿಲುವಂಗಿ, ಕೈಯಲ್ಲಿ ಮರದ ದಂಡ, ಸೊಂಟಕ್ಕೆ ಚರ್ಮದ ಪಟ್ಟಿ, ಒಂದು ಕಠಾರಿ. ಕಲಿಯುವವರಿಗೆ ಕವಚಧಾರಿಗಿಂತ ಇವನೇ ಒಳ್ಳೆಯವನು. ಬಟ್ಟೆಯ ಮಡಿಕೆಗಳು ದೊಡ್ಡವು, ಎಲ್ಲಿ ಬೆಳಕು ಎಲ್ಲಿ ನೆರಳು ಎಂದು ಕಣ್ಣಿಗೇ ಗೊತ್ತಾಗುತ್ತದೆ.

ಮೊದಲು: ಕಲಿಯುವುದು ಯಾವುದು ಎಂದು ನಿರ್ಧರಿಸಿ

ಒಂದು ಗೊಂಬೆಗೆ ಒಂದೇ ಹೊಸ ವಿದ್ಯೆ. ಮೊದಲನೆಯದರಲ್ಲಿ ನಯವಾದ ಮೂಲಬಣ್ಣ, ಎರಡನೆಯದರಲ್ಲಿ ನಿಲುವಂಗಿಯ ಬೆಳಕು-ನೆರಳು, ಮೂರನೆಯದರಲ್ಲಿ ಮುಖ. ಉಳಿದ ಭಾಗಗಳನ್ನು ಗೊತ್ತಿರುವ ರೀತಿಯಲ್ಲೇ ಮುಗಿಸಿಬಿಡಿ. ಒಂದೇ ಗೊಂಬೆಯಲ್ಲಿ ಎಲ್ಲವನ್ನೂ ಕಲಿಯಲು ಹೊರಟರೆ ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು ಎಂದು ತಿಳಿಯುವುದಿಲ್ಲ. ಸಾಧ್ಯವಾದರೆ ಒಂದೇ ಅಚ್ಚಿನ ಮೂರು ಅಗ್ಗದ ಗೊಂಬೆಗಳನ್ನು ತೆಗೆದುಕೊಳ್ಳಿ. ಪಕ್ಕಪಕ್ಕದಲ್ಲಿಟ್ಟರೆ ಕೈ ಎಷ್ಟು ಪಳಗಿದೆ ಎಂಬುದು ಕಾಣುತ್ತದೆ.

ಬೇಕಾದ ಸಾಮಾನು

ಬ್ರಶ್ ಮೂರು ಸಾಕು. ಚೂಪು ತುದಿಯ 2 ನಂಬರಿನ ದುಂಡು ಬ್ರಶ್ ಒಂದು, 0 ನಂಬರಿನದು ಒಂದು, ಡ್ರೈಬ್ರಶ್ಶಿಗೆ (ಬಣ್ಣವನ್ನು ಬಹುಪಾಲು ಒರೆಸಿದ ಬ್ರಶ್ಶನ್ನು ಉಬ್ಬುಗಳ ಮೇಲೆ ಸವರುವುದಕ್ಕೆ) ಮೇಕಪ್ಪಿನ ಮೆತ್ತನೆಯ ದುಂಡು ಬ್ರಶ್ ಒಂದು. ಕಣ್ಣು ಬಿಡಿಸಲು 000 ಬ್ರಶ್ ಬೇಕೆಂಬುದು ಭ್ರಮೆ. ಅದರ ಹೊಟ್ಟೆಯಲ್ಲಿ ಬಣ್ಣ ನಿಲ್ಲುವುದು ಅತ್ಯಲ್ಪ, ಗೊಂಬೆಯವರೆಗೆ ಕೈ ಹೋಗುವಷ್ಟರಲ್ಲಿ ಒಣಗಿರುತ್ತದೆ. ಕೆಲಸ ಮಾಡುವುದು ತುದಿಯೇ ಹೊರತು ಗಾತ್ರವಲ್ಲ. ಕೊಲಿನ್ಸ್ಕಿ ಕೂದಲಿನ ಬ್ರಶ್ ದುಬಾರಿಯಾದರೂ ತುದಿ ಬಹುಕಾಲ ಉಳಿಯುತ್ತದೆ. ಸಿಂಥೆಟಿಕ್ ಬ್ರಶ್ಶಿನ ತುದಿ ಕೆಲವೇ ವಾರಗಳಲ್ಲಿ ಕೊಕ್ಕೆಯಂತೆ ಬಾಗಬಹುದು. ಅಂಥದನ್ನು ಎಸೆಯದೆ ಬಣ್ಣ ಬೆರೆಸಲು ಇಟ್ಟುಕೊಳ್ಳಿ.

ಬಣ್ಣಕ್ಕೆ ವಲ್ಲೆಹೊ, ಸಿಟಾಡೆಲ್, ಆರ್ಮಿ ಪೇಂಟರ್ ಮುಂತಾದ ಮಿನಿಯೇಚರ್ ಅಕ್ರಿಲಿಕ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಸ್ಟೇಷನರಿ ಅಂಗಡಿಯ ಫೆವಿಕ್ರಿಲ್, ಕ್ಯಾಮೆಲ್ ಅಕ್ರಿಲಿಕ್ ಬೇಸ್‌ಗೆ (ಗೊಂಬೆ ನಿಲ್ಲುವ ತಳಕ್ಕೆ), ಡ್ರೈಬ್ರಶ್ಶಿಗೆ ಧಾರಾಳವಾಗಿ ಸಾಕು. ಮುಖಕ್ಕೂ ತೆಳು ಪದರಗಳಿಗೂ ಬೇಡ: ನೀರು ಬೆರೆಸಿದಂತೆ ಬೇಗ ಒಡೆಯುತ್ತವೆ, ಮುಚ್ಚುವ ಶಕ್ತಿ ಹೋಗುತ್ತದೆ. ಕೈ ಬಿಗಿಯಿದ್ದರೆ ಎಂಟು ಸೀಸೆ ಕೊಳ್ಳಿ: ಕಪ್ಪು, ದಂತಬಿಳುಪು, ಕಡು ನೀಲಿ, ಮಧ್ಯಮ ಹಸಿರು, ಹಳದಿ ಓಕರ್, ಕೆಂಗಂದು, ಕಡು ಕಂದು, ಬೆಳ್ಳಿ. ಜೊತೆಗೊಂದು ಕಂದು-ಕಪ್ಪು ವಾಶ್. ಈ ಲೇಖನದ ಗೊಂಬೆಗೆ ಇವಿಷ್ಟರಲ್ಲೇ ಎಲ್ಲ ಬಣ್ಣವೂ ಬರುತ್ತದೆ.

ಉಳಿದವು: ಚಿಕ್ಕ ಕಟ್ಟರ್, 11 ನಂಬರಿನ ಬ್ಲೇಡ್ ಇರುವ ಚಾಕು, ಹಾರ್ಡ್‌ವೇರ್ ಅಂಗಡಿಯ 600 ಮತ್ತು 1000 ನಂಬರಿನ ವಾಟರ್ ಪೇಪರ್ (ನೆನೆಸಿ ಉಜ್ಜುವ ಸ್ಯಾಂಡ್ ಪೇಪರ್), ಹಳೆಯ ಹಲ್ಲುಜ್ಜುವ ಬ್ರಶ್, ಸೂಪರ್ ಗ್ಲೂ, ಫೆವಿಕಾಲ್, ಖಾಲಿ ಮಾತ್ರೆ ಡಬ್ಬಿ, ಗೊಂಬೆಯನ್ನು ಡಬ್ಬಿಗೆ ಕೂರಿಸಲು ಎರಡು ಬದಿಯ ಫೋಮ್ ಟೇಪ್, ಕಿಚನ್ ಟಿಶ್ಯೂ, ನೀರಿಗೆ ಎರಡು ಲೋಟ. ಒಂದು ಲೋಟ ಲೋಹದ ಬಣ್ಣಕ್ಕೆ ಮಾತ್ರ. ಇಲ್ಲವಾದರೆ ಬೆಳ್ಳಿಯ ಕಣಗಳು ಮಾಂತ್ರಿಕನ ಕೆನ್ನೆಯಲ್ಲಿ ಮಿನುಗುತ್ತವೆ.

ದೀಪ ಎರಡಿರಲಿ, ಎಡಕ್ಕೊಂದು ಬಲಕ್ಕೊಂದು. 5000ರಿಂದ 6500 ಕೆಲ್ವಿನ್ ಬಿಳಿ ಬೆಳಕು, ಸಿಆರ್‌ಐ (ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬ ಅಳತೆ) 90ಕ್ಕಿಂತ ಹೆಚ್ಚು ಎಂದು ಡಬ್ಬಿಯ ಮೇಲಿರಬೇಕು. ಮುಂಬಯಿಯವರು ಲೋಹಾರ್ ಚಾಳದಲ್ಲಿ ಕೇಳಿ ನೋಡಬಹುದು. ಕಾಗದ, ಬ್ರಶ್‌ಗಳಿಗೆ ಅಲ್ಲಿಂದ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟ್, ಪುಣೆಯವರಿಗೆ ಅಪ್ಪಾ ಬಳವಂತ ಚೌಕದ ಸುತ್ತಿನ ಅಂಗಡಿಗಳು. ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ಒಂದು ಮೇಜಿನ ಮೇಲಿರಲಿ. ಈ ಊರುಗಳಲ್ಲಿ ಅದು ಭೂತಗನ್ನಡಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಂತ 1: ಶುಚಿ ಮಾಡಿ ಜೋಡಿಸುವುದು

ಗೊಂಬೆ ಯಾವ ವಸ್ತುವಿನದು ಎಂದು ಮೊದಲು ತಿಳಿಯಿರಿ. ಗಟ್ಟಿ ಪ್ಲಾಸ್ಟಿಕ್ಕಿಗೆ, ಅಂದರೆ ಪಾಲಿಸ್ಟೈರೀನಿಗೆ, ಪ್ಲಾಸ್ಟಿಕ್ ಸಿಮೆಂಟ್ ಅಂಟು ಹಿಡಿಯುತ್ತದೆ. ರೆಸಿನ್, ಲೋಹ, ಬೋರ್ಡ್ ಗೇಮಿನ ಮೆತ್ತನೆಯ ಪಿವಿಸಿ ಇವುಗಳಿಗೆ ಸೂಪರ್ ಗ್ಲೂ. ಮಳೆಗಾಲದಲ್ಲಿ ಸೂಪರ್ ಗ್ಲೂ ಬೇಗ ಕಚ್ಚುತ್ತದೆ, ಏಕೆಂದರೆ ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಹೆಚ್ಚು ಹಾಕಿದರೆ ಕೀಲಿನ ಸುತ್ತ ಬಿಳಿ ಬೂದಿ ಕೂರುತ್ತದೆ. ಸೂಜಿಮೊನೆಯಷ್ಟು ಸಾಕು.

ಬಾಗಿದ ಪಿವಿಸಿ ದಂಡವನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿ. ಅಲ್ಲೇ ನಿಲ್ಲುತ್ತದೆ.

ಆಮೇಲೆ ಅಚ್ಚಿನ ಗೆರೆ. ಅಚ್ಚಿನ ಎರಡು ಹೋಳು ಸೇರಿದ ಕಡೆ, ತಲೆಯ ಪಕ್ಕದಲ್ಲಿ, ತೋಳಿನ ಉದ್ದಕ್ಕೆ, ದಂಡದ ಮೇಲೆ ಸಣ್ಣ ಏಣು ಇರುತ್ತದೆ. ಚಾಕುವಿನ ಬೆನ್ನಿನಿಂದ ಹೆರೆಯಿರಿ, ಅಲಗಿನಿಂದ ಕೊಯ್ಯಬೇಡಿ. ದೀಪವನ್ನು ಓರೆಯಾಗಿ ಹಿಡಿದರೆ ಉಳಿದ ಗೆರೆ ಕಾಣುತ್ತದೆ. ಈಗ ಕಂಡರೂ ಬಿಟ್ಟುಬಿಟ್ಟ ಗೆರೆ ಡ್ರೈಬ್ರಶ್ ಮಾಡಿದಾಗ ಬಿಳಿ ದಾರದಂತೆ ಎದ್ದು ನಿಲ್ಲುತ್ತದೆ. ಆ ಹೊತ್ತಿಗೆ ಹೆರೆಯಲು ಆಗುವುದಿಲ್ಲ.

3ಡಿ ಪ್ರಿಂಟರಿನ ರೆಸಿನ್ ಗೊಂಬೆಯಾದರೆ ಬೆರಳಿಗೆ ಅಂಟುತ್ತದೆಯೇ ನೋಡಿ. ಅಂಟಿದರೆ ಅದು ಪೂರ್ತಿ ಗಟ್ಟಿಯಾಗಿಲ್ಲ ಎಂದರ್ಥ. ಕೈಗವಸು ಹಾಕಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಚೆನ್ನಾಗಿ ಆರಿಸಿ, 405 ನ್ಯಾನೊಮೀಟರ್ ಯುವಿ ದೀಪದಡಿ ಇಡಿ. ಬೇಸಗೆಯಲ್ಲಿ ಬಿಸಿಲೂ ಆಗುತ್ತದೆ, ಕೊಂಕಣದ ಮಳೆಗಾಲದ ಬಿಸಿಲನ್ನು ನೆಚ್ಚಬೇಡಿ. ರೆಸಿನನ್ನು ಉಜ್ಜುವಾಗ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ, ಮಾಸ್ಕ್ ಹಾಕಿ ಉಜ್ಜಿ. ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

ಕೊನೆಗೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯಿರಿ. ಅಚ್ಚಿನ ಎಣ್ಣೆಯೋ ಬೆರಳಿನ ಜಿಡ್ಡೋ ಉಳಿದರೆ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಅಡಿಪದರ) ಚೂಪಾದ ಅಂಚುಗಳಿಂದ ಸುಲಿದು ಬರುತ್ತದೆ. ರಾತ್ರಿಯಿಡೀ ಒಣಗಲಿ.

ಹಂತ 2: ಪ್ರೈಮರ್

ಕರಾವಳಿಯಲ್ಲಿ ಅತಿ ಹೆಚ್ಚು ಗೊಂಬೆಗಳು ಹಾಳಾಗುವುದು ಇಲ್ಲಿ. ಮುಂಬಯಿ, ಗೋವಾಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ 80 ಶೇಕಡ ದಾಟುವುದು ನಿತ್ಯದ ಮಾತು. ಆಗ ಸ್ಪ್ರೇ ಡಬ್ಬಿ ಮುಟ್ಟಬೇಡಿ. ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಸಾಂದ್ರವಾಗುತ್ತದೆ. ಪದರ ಮಂಜು ಕವಿದಂತೆ, ಒರಟೊರಟಾಗಿ ಒಣಗುತ್ತದೆ. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರಷ್ಟೇ ಸ್ಪ್ರೇ.

ಪುಣೆಯ ಬೇಸಗೆಯಲ್ಲಿ ಇದರ ವಿರುದ್ಧ. ಮಧ್ಯಾಹ್ನ ತೇವಾಂಶ 30ಕ್ಕಿಂತ ಕೆಳಗಿಳಿದಾಗ, ಅದರಲ್ಲೂ ಬಿಸಿಗಾಳಿ ಇದ್ದಾಗ, ಬಣ್ಣದ ಹನಿಗಳು ಗೊಂಬೆ ತಲುಪುವ ಮೊದಲೇ ಒಣಗಿ ಪುಡಿಯಾಗಿ ಕೂರುತ್ತವೆ. ಮುಟ್ಟಿದರೆ ಮರಳುಮರಳು. ಅಲ್ಲಿ ಬೆಳಗಿನ ಎಂಟು-ಒಂಬತ್ತರ ಹೊತ್ತು ಒಳ್ಳೆಯದು. ಚಳಿಗಾಲದಲ್ಲಿ ಮಾತ್ರ ಬಿಸಿಲೇರಲು ಬಿಡಿ.

ಸ್ಪ್ರೇ ಮಾಡುವ ಕ್ರಮ: ಡಬ್ಬಿಯನ್ನು ಪೂರ್ತಿ ಎರಡು ನಿಮಿಷ ಕುಲುಕಿ. 20ರಿಂದ 25 ಸೆಂ.ಮೀ. ದೂರ. ಗೊಂಬೆಯ ಆಚೆ ಒತ್ತಲು ಶುರುಮಾಡಿ, ಅದರ ಮೇಲೆ ಹಾಯಿಸಿ, ಈಚೆ ದಾಟಿದ ಮೇಲೆ ಬಿಡಿ. ನಾಲ್ಕೈದು ಸಣ್ಣ ಬೀಸು, ಪ್ರತಿ ಬೀಸಿಗೂ ಗೊಂಬೆಯನ್ನು ಸ್ವಲ್ಪ ತಿರುಗಿಸಿ. ಒಂದೇ ಸಲಕ್ಕೆ ಮುಚ್ಚಲು ಹೋಗಬೇಡಿ, ಅಲ್ಲಲ್ಲಿ ಗೊಂಬೆಯ ಮೂಲ ಬಣ್ಣ ಇಣುಕಿದರೂ ಪರವಾಗಿಲ್ಲ. ಗ್ರಿಲ್ ಹಾಕಿದ ಬಾಲ್ಕನಿಯಲ್ಲಿ ಮಾಡಿದರೆ ಕೆಳಗಿನ ಮನೆಯವರ ಒಣಹಾಕಿದ ಬಟ್ಟೆ, ಆಮೇಲೆ ಸೊಸೈಟಿಯ ಮೀಟಿಂಗು. ಟೆರೇಸಿನಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಯೊಳಗೆ ಗೊಂಬೆ ಇಟ್ಟು ಹೊಡೆಯಿರಿ. ಮಾಸ್ಕ್ ಬೇಕೇ ಬೇಕು.

ಮಳೆಗಾಲಕ್ಕೆ ಬ್ರಶ್ಶಿನಿಂದ ಹಚ್ಚುವ ಅಕ್ರಿಲಿಕ್-ಪಾಲಿಯುರೆಥೇನ್ ಪ್ರೈಮರ್ ಕೊಳ್ಳಿ. ವಲ್ಲೆಹೊದ ಸರ್ಫೇಸ್ ಪ್ರೈಮರ್ ಈ ಜಾತಿಯದು. ನೀರು ಬೆರೆಸದೆ, ಎರಡು ತೆಳು ಪದರ ಹಚ್ಚಿ. ಹಚ್ಚಿದಾಗ ದಪ್ಪವೆನಿಸಿದರೂ ಒಣಗುತ್ತಾ ಬಿಗಿದು ಗೊಂಬೆಯ ವಿವರಕ್ಕೆ ಅಂಟಿಕೊಳ್ಳುತ್ತದೆ. 24 ಗಂಟೆ ಮುಟ್ಟಬಾರದು. ಒಂದೇ ಗಂಟೆಯಲ್ಲಿ ಬಣ್ಣ ಹಚ್ಚಲು ಕೂತರೆ ಉಗುರು ತಗುಲಿದ ಕಡೆ ಹಾಳೆಯಂತೆ ಕಿತ್ತುಬರುತ್ತದೆ. ಪಿವಿಸಿ ಗೊಂಬೆಗಳಿಗಂತೂ ಎಲ್ಲ ಋತುವಿನಲ್ಲೂ ಇದೇ ಒಳ್ಳೆಯದು. ಕೆಲವು ಸ್ಪ್ರೇಗಳು ಪಿವಿಸಿಯ ಮೇಲೆ ವಾರಗಟ್ಟಲೆ ಅಂಟಂಟಾಗಿಯೇ ಉಳಿಯುತ್ತವೆ.

ಮೊದಲು ಪೂರ್ತಿ ಕಪ್ಪು, ಅದು ಒಣಗಿದ ಮೇಲೆ ತಲೆಯ ಮೇಲಿನಿಂದ ಓರೆಯಾಗಿ ಬಿಳಿ ಹಾಯಿಸಿದರೆ ಬೆಳಕು ಎಲ್ಲಿ ಬೀಳುತ್ತದೆ ಎಂಬ ನಕ್ಷೆ ತಾನಾಗಿ ಸಿಗುತ್ತದೆ. ಸ್ಪ್ರೇ ಇಲ್ಲದವರು ಕಪ್ಪು ಪ್ರೈಮರಿನ ಮೇಲೆ ದಂತಬಿಳುಪನ್ನು ಮೇಲಿನಿಂದ ಕೆಳಕ್ಕಷ್ಟೇ ಡ್ರೈಬ್ರಶ್ ಮಾಡಿ. ಈಗ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆರನೆಯ ಹಂತದಲ್ಲಿ ಬೇಕಾಗುತ್ತದೆ.

ಹಂತ 3: ವೆಟ್ ಪ್ಯಾಲೆಟ್ ಮತ್ತು ಬಣ್ಣದ ಹದ

ವೆಟ್ ಪ್ಯಾಲೆಟ್ ಎಂದರೆ ಬಣ್ಣ ಒಣಗದಂತೆ ಇಟ್ಟು ಬೆರೆಸುವ ಒದ್ದೆ ತಟ್ಟೆ. ಅದಕ್ಕೆ ಬೇಕಾದ್ದು: ಬಿಗಿ ಮುಚ್ಚಳದ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ನಾಲ್ಕು ಮಡಿಕೆಯ ಕಿಚನ್ ಟಿಶ್ಯೂ ಅಥವಾ ತೆಳು ಸ್ಪಂಜು, ಮೇಲೆ ಬೇಕಿಂಗ್ ಪೇಪರ್. ಟಿಶ್ಯೂ ಪೂರ್ತಿ ನೆನೆಯಬೇಕು, ಆದರೆ ಡಬ್ಬಿ ಓರೆ ಮಾಡಿದರೆ ನೀರು ಹರಿಯಬಾರದು. ಅಂಗಡಿಯಲ್ಲಿ ಬಟರ್ ಪೇಪರ್ ಎಂದು ಕೊಡುವುದರಲ್ಲಿ ಮೇಣ ಲೇಪಿಸಿದ್ದೂ ಇರುತ್ತದೆ, ಅದು ನೀರು ಬಿಡುವುದಿಲ್ಲ. ಪರೀಕ್ಷೆ ಸುಲಭ: ತುಂಡನ್ನು ಒದ್ದೆ ಟಿಶ್ಯೂವಿನ ಮೇಲಿಟ್ಟು ಐದು ನಿಮಿಷ ಬಿಡಿ. ಮೆತ್ತಗಾಗಿ ಅಂಟಿ ಕೂತರೆ ಸರಿ, ಒಣಗಿದಂತೆ ಸುರುಳಿ ಎದ್ದರೆ ಬೇರೆ ಕೊಳ್ಳಿ.

ಮುಂಬಯಿಯಲ್ಲಿ ಮುಚ್ಚಿಟ್ಟ ಪ್ಯಾಲೆಟ್ಟಿಗೆ ಬೂಸ್ಟು ಬೇಗ ಹಿಡಿಯುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಟಿಶ್ಯೂ ಬದಲಿಸಿ. ಮುಗ್ಗಲು ವಾಸನೆ ಬಂದರೆ ಆ ಬಣ್ಣವನ್ನು ಉಳಿಸಿಕೊಳ್ಳುವ ಆಸೆ ಬಿಡಿ. ಲೋಹದ ಬಣ್ಣಗಳನ್ನು ಇದರ ಮೇಲೆ ಹಾಕಲೇಬಾರದು. ಕಣಗಳು ಬೇರೆಯಾಗಿ ತೇಲಿ ಎಲ್ಲ ಬಣ್ಣಕ್ಕೂ ಸೇರುತ್ತವೆ.

ಹದ ಹೀಗೆ: ಮೂಲಬಣ್ಣಕ್ಕೆ ಎರಡು ಭಾಗ ಬಣ್ಣ, ಒಂದು ಭಾಗ ನೀರು. ಮೇಲಿನ ಪದರಗಳಿಗೆ ಸಮಸಮ. ಗ್ಲೇಜಿಗೆ, ಅಂದರೆ ಅಡಿಯ ಬಣ್ಣ ಕಾಣುವಂಥ ಅತಿ ತೆಳು ಪದರಕ್ಕೆ, ಒಂದಕ್ಕೆ ಐದು. ಸೀಸೆಯಿಂದ ಸೀಸೆಗೆ ದಪ್ಪ ಬೇರೆಯಾದ್ದರಿಂದ ಇದು ಆರಂಭದ ಅಂದಾಜು ಮಾತ್ರ. ಎಡಗೈಯ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಎಳೆದಲ್ಲೇ ನಿಂತು, ಬ್ರಶ್ಶಿನ ಗೀರು ಕಾಣದಿದ್ದರೆ ಹದ ಬಂದಿದೆ. ಅಂಚು ಹರಡಿ ಉಗುರಿನ ಬುಡಕ್ಕೆ ಓಡಿದರೆ ನೀರು ಹೆಚ್ಚು.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ಬಿಟ್ಟುಬಿಡುವ ಕೆಲಸ. ಬ್ರಶ್ಶಿಗೆ ಬಣ್ಣ ತುಂಬಿದ ಮೇಲೆ, ಗೊಂಬೆ ಮುಟ್ಟುವ ಮೊದಲು, ಬ್ರಶ್ಶಿನ ಹೊಟ್ಟೆಯನ್ನು ಟಿಶ್ಯೂವಿಗೆ ಒಮ್ಮೆ ತಾಗಿಸಿ. ಹೆಚ್ಚಿನ ನೀರು ಟಿಶ್ಯೂವಿಗೆ ಹೋಗುತ್ತದೆ, ಬಣ್ಣ ಉಳಿಯುತ್ತದೆ. ತೆಳು ಬಣ್ಣ ಹಚ್ಚಿದಾಗ ಹೊಂಡವಾಗಿ ನಿಲ್ಲುತ್ತದೆ ಎನ್ನುವವರಲ್ಲಿ ಹೆಚ್ಚಿನವರು ಇದನ್ನು ಮಾಡಿರುವುದಿಲ್ಲ. ಬಣ್ಣ ಬ್ರಶ್ಶಿನ ಅರ್ಧಕ್ಕಿಂತ ಮೇಲೆ ಏರದಿರಲಿ. ಲೋಹದ ಪಟ್ಟಿಯೊಳಗೆ ಸೇರಿ ಒಣಗಿದರೆ ತುದಿ ಸೀಳುತ್ತದೆ, ಮತ್ತೆ ಕೂಡುವುದಿಲ್ಲ. ಬ್ರಶ್ಶನ್ನು ತಲೆಕೆಳಗಾಗಿ ನೀರಿನ ಲೋಟದಲ್ಲಿ ನಿಲ್ಲಿಸಿ ಹೋಗುವುದು ಇನ್ನೂ ಕೆಟ್ಟ ಅಭ್ಯಾಸ.

ಹಂತ 4: ಮೂಲಬಣ್ಣ

ಒಳಗಿನಿಂದ ಹೊರಕ್ಕೆ ಬನ್ನಿ: ಮುಖ ಮತ್ತು ಕೈ (ಮೈಬಣ್ಣದ ಬೆರಕೆ ಹಂತ 7ರಲ್ಲಿದೆ), ಒಳ ಉಡುಪು, ನಿಲುವಂಗಿ, ಪಟ್ಟಿ ಮತ್ತು ಚೀಲ, ದಂಡ, ಕೊನೆಗೆ ಲೋಹ. ಒಳಗೆ ಹೋಗುವಾಗ ಹೊರಗೆ ಬಣ್ಣ ತಗಲುವುದು ಸಹಜ, ಹೊರಗಿನ ಸರದಿ ಬಂದಾಗ ಅದು ತಾನಾಗಿ ಮುಚ್ಚುತ್ತದೆ.

ಪ್ರತಿ ಭಾಗಕ್ಕೂ ಎರಡು ತೆಳು ಪದರ. ಮೊದಲ ಪದರ ಹಚ್ಚಿದಾಗ ಪ್ರೈಮರ್ ಕಾಣುತ್ತದೆ, ತೇಪೆತೇಪೆಯಾಗಿ ಅಸಹ್ಯವಾಗಿರುತ್ತದೆ. ಅಲ್ಲೇ ಹೆದರಿ ದಪ್ಪ ಹಚ್ಚುವುದರಿಂದಲೇ ಮೂಗು ತುಟಿ ಮುಚ್ಚುವುದು. ಅರ್ಧ ಒಣಗಿದ ಜಾಗಕ್ಕೆ ಮತ್ತೆ ಬ್ರಶ್ ಹಾಕಬೇಡಿ, ಅಡಿಯ ಪದರ ಹರಿದು ಸಣ್ಣ ಗುಳ್ಳೆಯಂಥ ಹೊಪ್ಪಳಿಕೆ ಏಳುತ್ತದೆ. ಓರೆ ಬೆಳಕಿನಲ್ಲಿ ನೋಡಿ: ಹೊಳೆಯುವ ಜಾಗ ಇನ್ನೂ ಹಸಿ.

ಕೆಂಪು, ಹಳದಿಗಳು ಕಪ್ಪಿನ ಮೇಲೆ ಎಷ್ಟು ಪದರ ಹಚ್ಚಿದರೂ ಕೂರುವುದಿಲ್ಲ. ಕೆಂಪಿನಡಿ ಕೆಂಗಂದು, ಹಳದಿಯಡಿ ಓಕರ್ ಹಚ್ಚಿ ಮುಂದುವರಿಯಿರಿ. ಅಚ್ಚ ಬಿಳಿ ನಿಲುವಂಗಿಯನ್ನು ಮೊದಲ ಗೊಂಬೆಗೆ ಆರಿಸಲೇಬೇಡಿ. ಹಸಿರೋ ನೀಲಿಯೋ ತಪ್ಪುಗಳನ್ನು ಕ್ಷಮಿಸುತ್ತವೆ.

ಕೂರುವ ಭಂಗಿಯೂ ಕೆಲಸದ ಭಾಗವೇ. ಎರಡೂ ಮೊಣಕೈ ಮೇಜಿನ ಮೇಲೆ, ಅಂಗೈಗಳ ಬುಡ ಒಂದಕ್ಕೊಂದು ತಾಗಿರಲಿ. ಆಗ ಕೈ ನಡುಗಿದರೂ ಗೊಂಬೆ ಮತ್ತು ಬ್ರಶ್ ಒಟ್ಟಿಗೆ ನಡುಗುತ್ತವೆ, ಗೆರೆ ಕೆಡುವುದಿಲ್ಲ.

ಹಂತ 5: ವಾಶ್

ಇಡೀ ಗೊಂಬೆಯನ್ನು ವಾಶಿನಲ್ಲಿ ಮುಳುಗಿಸುವ ಚಾಳಿ ಬಿಡಿ. ಮಡಿಕೆಯ ತಗ್ಗು, ಪಟ್ಟಿ ಬಟ್ಟೆಗೆ ತಾಗುವ ಸಂದು, ಬೆರಳುಗಳ ನಡು: ಇಷ್ಟಕ್ಕೇ ಹಾಕಿ. ಸಮತಲದ ಮೇಲೆ ನಿಂತ ವಾಶ್ ಅಂಚಿನಿಂದ ಒಣಗುತ್ತಾ ಬಣ್ಣವನ್ನೆಲ್ಲ ಅಂಚಿಗೆ ಎಳೆಯುತ್ತದೆ, ಅದೇ ಆ ಉಂಗುರದ ಕಲೆ. ನಿಂತದ್ದು ಕಂಡ ತಕ್ಷಣ ತೊಳೆದು ಹಿಂಡಿದ ಒದ್ದೆ ಬ್ರಶ್ಶಿನಿಂದ ಹೀರಿ ತೆಗೆಯಿರಿ. ಒಂದು ನಿಮಿಷ ಕಳೆದಿದ್ದರೆ ಮುಟ್ಟಬೇಡಿ. ಪೂರ್ತಿ ಒಣಗಲು ಬಿಟ್ಟು, ಮೂಲಬಣ್ಣದಿಂದ ಮುಚ್ಚಿ.

ಪುಣೆಯಲ್ಲಿ 20 ನಿಮಿಷ, ಮಳೆಗಾಲದ ಮುಂಬಯಿಯಲ್ಲಿ ಒಂದು ಗಂಟೆ ಕಾಯಿರಿ. ಫ್ಯಾನಿನಡಿ ಇಟ್ಟರೆ ಬೇಗ ಒಣಗುತ್ತದೆ, ಧೂಳೂ ಅಷ್ಟೇ ಬೇಗ ಕೂರುತ್ತದೆ. ಮೇಲೊಂದು ಡಬ್ಬಿಯನ್ನು ಓರೆಯಾಗಿ ಮರೆ ಇಡಿ. ಹೇರ್ ಡ್ರೈಯರಿನ ತಣ್ಣನೆಯ ಗಾಳಿ ಪರವಾಗಿಲ್ಲ. ಬಿಸಿಗಾಳಿಗೆ ಪಿವಿಸಿ ಬಾಗುತ್ತದೆ.

ಹಂತ 6: ನಿಲುವಂಗಿಯ ಬೆಳಕು-ನೆರಳು

ಇಲ್ಲಿಯವರೆಗೆ ಶ್ರದ್ಧೆ ಸಾಕಿತ್ತು. ಇನ್ನು ಧೈರ್ಯ ಬೇಕು. ಮೂರು ಸೆಂಟಿಮೀಟರಿನ ಬಟ್ಟೆಯ ಮೇಲೆ ನಿಜವಾದ ಬೆಳಕು ಮಾಡುವ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಕಡಿಮೆ, ನಾವು ಅದನ್ನು ಬರೆದೇ ತೋರಿಸಬೇಕು. ಯಕ್ಷಗಾನದ ಚೌಕಿಯಲ್ಲಿ ಪಕ್ಕದಲ್ಲಿ ನಿಂತು ನೋಡಿದರೆ ಬಣ್ಣದ ವೇಷ ಅತಿಯಾಗಿ ಕಾಣುತ್ತದೆ, ರಂಗಸ್ಥಳಕ್ಕೆ ಬಂದಾಗ ಸರಿಯಾಗಿ ಕೂರುತ್ತದೆ. ಇದೂ ಹಾಗೆ. ಹತ್ತು ಸೆಂ.ಮೀ. ದೂರದಲ್ಲಿ ಅತಿ ಎನಿಸದ ಹೈಲೈಟ್ ತೋಳಿನಳತೆಯಲ್ಲಿ ಇಲ್ಲವೇ ಇಲ್ಲ.

ಹಸಿರು ನಿಲುವಂಗಿಗೆ ಐದು ಛಾಯೆ ಬೆರೆಸಿ, ಪ್ಯಾಲೆಟ್ಟಿನಲ್ಲಿ ಸಾಲಾಗಿ ಇಟ್ಟುಕೊಳ್ಳಿ. ಮೊದಲನೆಯದು ಹಸಿರು ಎರಡು ಭಾಗಕ್ಕೆ ಕಡು ನೀಲಿ ಒಂದು. ಎರಡನೆಯದು ಬರಿಯ ಹಸಿರು. ಮೂರನೆಯದು ಹಸಿರು ಎರಡಕ್ಕೆ ಓಕರ್ ಒಂದು. ನಾಲ್ಕನೆಯದು ಹಸಿರು, ಓಕರ್ ಸಮಸಮ. ಐದನೆಯದು ನಾಲ್ಕನೆಯದಕ್ಕೇ ದಂತಬಿಳುಪು ಒಂದು ಚಿಟಿಕೆ. ನೆರಳಿಗೆ ಕಪ್ಪು, ಬೆಳಕಿಗೆ ಬಿಳಿ ಎಂಬ ಲೆಕ್ಕ ಹಾಕಿದರೆ ಬಟ್ಟೆ ಸೀಮೆಸುಣ್ಣ ಬಳಿದಂತೆ ಸತ್ತುಹೋಗುತ್ತದೆ. ಕೆಂಪಿಗೆ ಬಿಳಿ ಹಾಕಿದರಂತೂ ಗುಲಾಬಿಯೇ. ಕೆಂಪನ್ನು ಕಿತ್ತಳೆಯಿಂದ ಬೆಳಗಿಸಿ, ತೀರ ತುದಿಯ ಅಂಚಿಗೆ ಮಾತ್ರ ಕಿತ್ತಳೆಗೆ ದಂತಬಿಳುಪು ಸೇರಿಸಿ.

ಕ್ರಮ: ಮೊದಲನೆಯ ಛಾಯೆ ಮಡಿಕೆಯ ತಗ್ಗಿಗೆ. ಎರಡನೆಯದು ಮೂಲಬಣ್ಣವಾಗಿ ಆಗಲೇ ಇದೆ, ತಗ್ಗಿನ ಅಂಚನ್ನು ಅದರಿಂದ ಸರಿಪಡಿಸಿ. ಮೂರನೆಯದು ಮಡಿಕೆಯ ಮೇಲ್ಭಾಗದ ಅರ್ಧಕ್ಕೆ, ನಾಲ್ಕನೆಯದು ಅದರೊಳಗಿನ ಅರ್ಧಕ್ಕೆ, ಐದನೆಯದು ಮಡಿಕೆಯ ನೆತ್ತಿಯ ಗೆರೆಗೆ ಮಾತ್ರ. ಪ್ರತಿ ಪದರವೂ ಹಿಂದಿನದಕ್ಕಿಂತ ಕಿರಿದಾಗಿರಲಿ. ಎಲ್ಲಿ ಎಂದು ಗೊಂದಲವಾದರೆ ಪ್ರೈಮರ್ ಹಂತದ ಫೋಟೊ ನೋಡಿ, ಬಿಳಿ ಬಿದ್ದ ಕಡೆ ಬೆಳಕು.

ಈಗ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕಾಣಲಿ. ಮೆಟ್ಟಿಲು ಮಾಸಲು ಗ್ಲೇಜ್: ಎರಡು ಛಾಯೆಗಳ ನಡುವಿನ ಬಣ್ಣವನ್ನು ಒಂದಕ್ಕೆ ಐದರಂತೆ ತೆಳುಮಾಡಿ, ಟಿಶ್ಯೂವಿಗೆ ತಾಗಿಸಿ, ಗಡಿಯ ಮೇಲೆ ಎಳೆಯಿರಿ. ಬ್ರಶ್ ಎಲ್ಲಿ ಎತ್ತುತ್ತೀರೋ ಅಲ್ಲಿ ಬಣ್ಣ ಹೆಚ್ಚು ಕೂರುತ್ತದೆ. ಆದ್ದರಿಂದ ಕಡುಬಣ್ಣದ ಗ್ಲೇಜನ್ನು ನೆರಳಿನ ಕಡೆಗೆ, ತಿಳಿಬಣ್ಣದ್ದನ್ನು ಬೆಳಕಿನ ಕಡೆಗೆ ಎಳೆದು ಎತ್ತಿ. ಒಂದು ಗ್ಲೇಜ್ ಹಾಕಿದಾಗ ಏನೂ ಆಗಿಲ್ಲ ಎನಿಸಬೇಕು, ಐದಾರು ಹಾಕಿದ ಮೇಲೆ ಗಡಿ ಮಾಸಿರಬೇಕು. ನಡುವೆ ಪ್ರತಿ ಸಲವೂ ಒಣಗಬೇಕು. ಮಳೆಗಾಲದಲ್ಲಿ ಎರಡು ಗೊಂಬೆಗಳನ್ನು ಸರದಿಯಲ್ಲಿ ಹಿಡಿಯಿರಿ, ಕಾಯುವ ಬೇಸರ ತಪ್ಪುತ್ತದೆ.

ಮುಗಿಯಿತು ಎನಿಸಿದಾಗ ಫೋಟೊ ತೆಗೆದು, ಮೊಬೈಲಿನಲ್ಲೇ ಕಪ್ಪು-ಬಿಳುಪಿಗೆ ತಿರುಗಿಸಿ. ನಿಲುವಂಗಿಯೆಲ್ಲ ಒಂದೇ ಬೂದಿಯಾಗಿ ಕಂಡರೆ ಒಂದನೆಯ ಮತ್ತು ಐದನೆಯ ಛಾಯೆ ಎರಡನ್ನೂ ಇನ್ನಷ್ಟು ದೂರ ತಳ್ಳಬೇಕು. ನಯ ಸಾಲದು ಎಂದು ಕೊರಗುವವರ ಗೊಂಬೆಗಳಲ್ಲಿ ಸಾಮಾನ್ಯವಾಗಿ ಸಾಲದಿರುವುದು ನಯವಲ್ಲ, ಈ ಅಂತರ.

ಹಂತ 7: ಮುಖ

ಅನುಕ್ರಮ ತಪ್ಪಿದರೆ ಮುಖ ಕೆಟ್ಟಿತೆಂದೇ ಲೆಕ್ಕ. ಮೊದಲು ಕಣ್ಣು, ಆಮೇಲೆ ಚರ್ಮ. ಕಣ್ಣಿನ ಗುಳಿಗೆ ಕಡು ಕಂದು ತುಂಬಿ. ಒಣಗಿದ ಮೇಲೆ ದಂತಬಿಳುಪಿನ ಅಡ್ಡಗೆರೆ, ಸುತ್ತ ಕಂದು ಉಳಿಯುವಂತೆ. ಅಚ್ಚ ಬಿಳಿ ಬೇಡ, ಗಾಬರಿ ಬಿದ್ದ ಮುಖವಾಗುತ್ತದೆ. ಕಣ್ಣಗೊಂಬೆಗೆ ಚುಕ್ಕೆಗಿಂತ ಮೇಲಿನಿಂದ ಕೆಳಕ್ಕೆ ಎಳೆದ ಸಣ್ಣ ಗೆರೆ ಸುಲಭ. ಎರಡೂ ಕಣ್ಣು ಒಂದೇ ಪಕ್ಕಕ್ಕೆ ನೋಡಿದರೆ ಮೆಳ್ಳೆಗಣ್ಣಿನ ಅಪಾಯ ಕಡಿಮೆ. ತಪ್ಪಿದ್ದನ್ನೆಲ್ಲ ಚರ್ಮದ ಬಣ್ಣ ಹಚ್ಚುವಾಗ ಮುಚ್ಚಿಕೊಳ್ಳಬಹುದು, ಕಣ್ಣನ್ನು ಮೊದಲು ಬಿಡಿಸುವುದು ಅದಕ್ಕೇ.

ಸೀಸೆಯಲ್ಲಿ ಬರುವ ಚರ್ಮದ ಬಣ್ಣ ಬಹುಪಾಲು ಬಿಳಿಯರದು. ನಮ್ಮ ಕಡೆಯ ಮೈಬಣ್ಣಕ್ಕೆ ಕೆಂಗಂದು ಒಂದು, ಓಕರ್ ಒಂದು ಬೆರೆಸಿ ಮೂಲಬಣ್ಣ ಮಾಡಿ. ನೆರಳಿಗೆ ಕೆಂಗಂದಿಗೆ ಚೂರು ಕಡು ನೀಲಿ. ಬೆಳಕಿಗೆ ಓಕರ್ ಹೆಚ್ಚಿಸುತ್ತಾ ಹೋಗಿ, ದಂತಬಿಳುಪು ಕೊನೆಯಲ್ಲಿ ಮಾತ್ರ. ಬೆಳಕು ಮೂಗಿನ ತುದಿ, ಕೆನ್ನೆಯ ಎಲುಬು, ಹುಬ್ಬಿನ ಮೇಲು, ಗಲ್ಲಕ್ಕೆ. ಕೆಳತುಟಿಗೆ ಮೂಲಬಣ್ಣಕ್ಕೆ ಕೆಂಗಂದು ಸೇರಿಸಿದ ಒಂದು ಗೆರೆ. ಮೇಲ್ತುಟಿಯನ್ನು ನೆರಳಿಗೇ ಬಿಡಿ.

ಹಂತ 8: ಚರ್ಮ, ಮರ, ಲೋಹ

ಚರ್ಮದ ಪಟ್ಟಿಗೆ ಕಡು ಕಂದು, ಅಂಚಿಗೆ ಓಕರ್ ಬೆರೆಸಿದ ಸಣ್ಣ ಅಡ್ಡಗೀರುಗಳು. ದಂಡಕ್ಕೂ ಅವೇ ಬಣ್ಣ, ಗೀರುಗಳು ಉದ್ದಕ್ಕೆ. ಕಠಾರಿಗೆ ಬೆಳ್ಳಿಗೆ ಚೂರು ಕಪ್ಪು ಬೆರೆಸಿ ಹಚ್ಚಿ, ವಾಶ್ ಹಾಕಿ, ಒಣಗಿದ ಮೇಲೆ ಅಂಚಿಗೆ ಬರಿಯ ಬೆಳ್ಳಿ. ಲೋಹದ ಬಣ್ಣ ಬಳಸದೆ ಲೋಹ ತೋರಿಸುವ ವಿದ್ಯೆ ಬೇರೊಂದು ಗೊಂಬೆಗೆ ಇರಲಿ.

ಹಂತ 9: ಬೇಸ್

ಸಮುದ್ರದಂಡೆಯ ಮರಳನ್ನು ನೇರವಾಗಿ ಅಂಟಿಸಬೇಡಿ. ಅದರ ಉಪ್ಪು ತೇವ ಹೀರಿ, ಕೆಲವು ತಿಂಗಳಲ್ಲಿ ಬಣ್ಣದ ಮೇಲೆ ಬಿಳಿಯಾಗಿ ಏಳುತ್ತದೆ. ಕಟ್ಟಡದ ಮರಳನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ತೊಳೆದು, ಬಾಣಲೆಯಲ್ಲಿ ಒಣಗಿಸಿ. ಸಮಪ್ರಮಾಣದಲ್ಲಿ ನೀರು ಬೆರೆಸಿದ ಫೆವಿಕಾಲ್ ಹಚ್ಚಿ, ಮರಳಿನಲ್ಲಿ ಅದ್ದಿ, ರಾತ್ರಿ ಕಳೆಯಲಿ. ಒಣಗಿದ ಮೇಲೆ ಅದೇ ಫೆವಿಕಾಲ್ ನೀರನ್ನು ಇನ್ನೊಮ್ಮೆ ಮೇಲಿನಿಂದ ಹನಿಸಿದರೆ ಮರಳು ಉದುರುವುದಿಲ್ಲ.

ನೆಲದ ಬಣ್ಣಕ್ಕೆ ಕಿಟಕಿಯಾಚೆ ನೋಡಿದರಾಯಿತು. ಗೋವಾದ ಜಂಬಿಟ್ಟಿಗೆಗೆ ಕೆಂಗಂದು, ಮೇಲೆ ಓಕರಿನ ಡ್ರೈಬ್ರಶ್. ಪುಣೆಯ ಕರಿಕಲ್ಲಿಗೆ ಕಪ್ಪಿಗೆ ಚೂರು ಕಡು ನೀಲಿ ಮತ್ತು ದಂತಬಿಳುಪು ಸೇರಿಸಿದ ಬೂದಿ. ಹಸಿರು ನಿಲುವಂಗಿ ಕೆಂಪು ನೆಲದ ಮೇಲೆ ಎದ್ದು ಕಾಣುತ್ತದೆ. ಡ್ರೈಬ್ರಶ್ ಮಾಡುವಾಗ ಬ್ರಶ್ಶನ್ನು ಟಿಶ್ಯೂವಿನ ಮೇಲೆ ಉಜ್ಜುತ್ತಾ ಹೋಗಿ, ಬಣ್ಣ ಮುಗಿಯಿತು ಎನಿಸಿದ ಮೇಲೂ ಎರಡು ಸಲ ಉಜ್ಜಿ, ಆಮೇಲೆ ಶುರುಮಾಡಿ. ಬೇಸಿನ ಸುತ್ತಂಚಿಗೆ ಕಪ್ಪು.

ಹಂತ 10: ವಾರ್ನಿಶ್, ಮತ್ತು ಕೆಟ್ಟರೆ ಮಾಡಬೇಕಾದ್ದು

ಆಟಕ್ಕೆ ಬಳಸುವ ಗೊಂಬೆಗೆ ವಾರ್ನಿಶ್ ಬೇಕು, ಬೆವರುವ ಬೆರಳು ಅಂಚಿನ ಬಣ್ಣ ತಿನ್ನುತ್ತದೆ. ಎಲ್ಲ ಮುಗಿದು 24 ಗಂಟೆ ಕಳೆದ ಮೇಲೆ ಹಚ್ಚಿ. ಸ್ಪ್ರೇಗೆ ಪ್ರೈಮರಿನ ನಿಯಮವೇ, ಇನ್ನೂ ಬಿಗಿಯಾಗಿ. ಪ್ರೈಮರ್ ಕೆಟ್ಟರೆ ಅರ್ಧ ದಿನ ಹೋಯಿತು, ವಾರ್ನಿಶ್ ಕೆಟ್ಟರೆ ಇಡೀ ಕೆಲಸ. ಬ್ರಶ್ಶಿನಿಂದ ಹಚ್ಚುವ ಮ್ಯಾಟ್ (ಹೊಳಪಿಲ್ಲದ) ವಾರ್ನಿಶನ್ನು ಚೆನ್ನಾಗಿ ಕುಲುಕಿ. ಮ್ಯಾಟ್ ಮಾಡುವ ಪುಡಿ ಸೀಸೆಯ ತಳದಲ್ಲಿ ಕೂತಿರುತ್ತದೆ, ಕುಲುಕದಿದ್ದರೆ ಮೊದಲ ಗೊಂಬೆ ಹೊಳೆಯುತ್ತದೆ, ಸೀಸೆಯ ಕೊನೆಯ ಗೊಂಬೆ ಬೆಳ್ಳಗಾಗುತ್ತದೆ. ತಗ್ಗುಗಳಲ್ಲಿ ನಿಲ್ಲಲು ಬಿಡಬೇಡಿ.

ಒಣಗಿದ ಮೇಲೆ ಬಿಳಿ ಮಂಜು ಕವಿದಿದ್ದರೆ ಗಾಬರಿಯಾಗಿ ಕೆರೆಯಬೇಡಿ. ಗ್ಲಾಸ್, ಅಂದರೆ ಹೊಳಪಿನ, ವಾರ್ನಿಶಿನ ಒಂದು ತೆಳು ಪದರ ಬ್ರಶ್ಶಿನಿಂದ ಹಚ್ಚಿದರೆ ಹೆಚ್ಚಿನ ಸಲ ಅಡಿಯ ಬಣ್ಣ ಮರಳಿ ಕಾಣುತ್ತದೆ. ಒಣಗಿದ ಮೇಲೆ ಅದರ ಮೇಲೆ ಮ್ಯಾಟ್, ಅದೂ ಬ್ರಶ್ಶಿನಿಂದಲೇ.

ಬಣ್ಣವೇ ದಪ್ಪಗಾಗಿ ಮುಖ ಮುಚ್ಚಿಹೋಗಿದ್ದರೆ ಮೇಲೆ ಮತ್ತೆ ಹಚ್ಚುವುದರಲ್ಲಿ ಅರ್ಥವಿಲ್ಲ, ಬಿಡಿಸಿ ಮೊದಲಿನಿಂದ ಮಾಡಿ. ಗಟ್ಟಿ ಪ್ಲಾಸ್ಟಿಕ್ ಅಥವಾ ಲೋಹದ ಗೊಂಬೆಯನ್ನು ನೀರು ಬೆರೆಸದ ಡೆಟಾಲಿನಲ್ಲಿ ಒಂದು ದಿನ ಮುಳುಗಿಸಿಡಿ. ಕೈಗವಸು ಹಾಕಿ, ಹಲ್ಲುಜ್ಜುವ ಬ್ರಶ್ಶನ್ನು ಡೆಟಾಲಿನಲ್ಲೇ ಅದ್ದಿ ಉಜ್ಜಿ. ಬಣ್ಣವೆಲ್ಲ ಹೋಗುವ ಮೊದಲು ನೀರು ತಾಗಿಸಿದರೆ ಬಿಟ್ಟ ಬಣ್ಣ ಗೋಂದಿನಂತೆ ಗೊಂಬೆಗೇ ಅಂಟಿಕೊಳ್ಳುತ್ತದೆ. ಪೂರ್ತಿ ಬಿಟ್ಟ ಮೇಲೆ ಪಾತ್ರೆ ಲಿಕ್ವಿಡ್, ನೀರು. ರೆಸಿನ್ ಮತ್ತು ಪಿವಿಸಿ ಗೊಂಬೆಗಳು ಮೆತ್ತಗಾಗುವ ಸಂಭವವಿರುವುದರಿಂದ ಅಂಗಾಲಿನ ಕಡೆ ಒಂದು ಹನಿ ಹಚ್ಚಿ, ಒಂದು ಗಂಟೆ ಬಿಟ್ಟು, ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಮುಳುಗಿಸಬೇಡಿ.